ಸ್ವೀಡನ್ನಿನಲ್ಲಿ ಪ್ರಸೂತಿಮರಣದ ಇಳಿಕೆ: ೧೭೫೧ರಿಂದ ಈಚಿನವರೆಗೆ

೧. ಪ್ರಶ್ನೆಯ ಸ್ವರೂಪ

೧೭೫೧ನೆಯ ಇಸವಿಯಲ್ಲಿ ಸ್ವೀಡನ್ನಿನ ಆರೋಗ್ಯಾಧಿಕಾರಿಗಳು ಆ ದೇಶದ ಪ್ರತಿನಿಧಿಸಭೆಗೆ ಒಂದು ವರದಿಯನ್ನು ಒಪ್ಪಿಸಿದರು. ಹೆರಿಗೆಯಲ್ಲಿ ಮೃತರಾದ ೬೫೧ ಮಂದಿ ಸ್ತ್ರೀಯರಲ್ಲಿ ೪೦೦ ಮಂದಿಯಾದರೂ, ದೇಶದಲ್ಲಿ ಸಾಕಷ್ಟು ಸೂಲಗಿತ್ತಿಯರು ಇದ್ದಿದ್ದರೆ ಉಳಿದುಕೊಳ್ಳುತ್ತಿದ್ದರೆಂಬುದು ಆ ವರದಿಯ ಸಾರಾಂಶ. ಈ ಹೇಳಿಕೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾದುವು. ಮೊದಲನೆಯದು, ಒಂದು ರಾಜ್ಯವು ತನ್ನ ಬಾಣಂತಿಯರ ಸಾವನ್ನು ಎಣಿಸಿತೆಂಬುದು. ಎರಡನೆಯದು, ಎಣಿಸಿದ ಸಾವುಗಳಲ್ಲಿ ತಪ್ಪಿಸಬಹುದಾಗಿದ್ದುವು ಇಷ್ಟು, ತಪ್ಪಿಸಲಾಗದವು ಇಷ್ಟು ಎಂದು ವಿಂಗಡಿಸಲು ಅದು ಧೈರ್ಯಮಾಡಿತೆಂಬುದು. ಅದುವರೆಗೆ ಹೆರಿಗೆಯ ಸಾವನ್ನು ಇತರ ದೇಶಗಳಂತೆ ಅಲ್ಲಿಯ ಜನರೂ ದೈವೇಚ್ಛೆಯೆಂದೇ ಭಾವಿಸಿಕೊಂಡು ಬಂದಿದ್ದರು. ದೈವೇಚ್ಛೆಯೆಂದು ತಿಳಿದದ್ದರಲ್ಲಿ ಬಹುಪಾಲು ಮನುಷ್ಯರ ಅಲಕ್ಷ್ಯದ ಫಲವೆಂದು ಈ ವರದಿ ಸೂಚಿಸಿತು.

ಆ ಕಾಲದಲ್ಲಿ ಸ್ವೀಡನ್ನಿನ ಪ್ರಸೂತಿಮರಣದ ಪ್ರಮಾಣವು ಒಂದು ಲಕ್ಷ ಸಜೀವ ಜನನಗಳಿಗೆ ಸುಮಾರು ೯೦೦ ಆಗಿದ್ದಿತು. ಎಂದರೆ ಸರಿಸುಮಾರು ೧೧೦ ಹೆರಿಗೆಗಳಿಗೆ ಒಬ್ಬ ತಾಯಿ ಸಾಯುತ್ತಿದ್ದಳು. ಐದು ಬಾರಿ ಹೆರುವ ಸ್ತ್ರೀಯ ಮಟ್ಟಿಗೆ ಈ ಲೆಕ್ಕವನ್ನು ಅನ್ವಯಿಸಿದರೆ, ಅಂತಹ ಇಪ್ಪತ್ತೆರಡು ಇಪ್ಪತ್ತಮೂರು ಮಂದಿಯಲ್ಲಿ ಒಬ್ಬಳಿಗೆ ಹೆರಿಗೆಯೇ ಮೃತ್ಯುದ್ವಾರವಾಗುತ್ತಿದ್ದಿತೆಂದು ತಿಳಿಯುತ್ತದೆ. ೧೯೦೦ರ ಹೊತ್ತಿಗೆ ಈ ಪ್ರಮಾಣ ಸುಮಾರು ೨೩೦ಕ್ಕೆ ಇಳಿಯಿತು. ೧೯೮೦ರಲ್ಲಿ ಅದು ೬.೬ ಆಗಿದ್ದಿತು.

ಈ ಇಳಿಕೆಯ ಕಾರಣವನ್ನು ಕುರಿತು ಸಾಮಾನ್ಯವಾಗಿ ಹೇಳುವ ಮಾತುಗಳು ಎರಡು. ದೇಶ ಸಿರಿವಂತವಾಯಿತು, ಜನರ ಆಹಾರ ಉತ್ತಮವಾಯಿತು, ಆದಕಾರಣ ತಾಯಂದಿರು ಬದುಕಿದರೆಂಬುದು ಒಂದು. ಆಧುನಿಕ ಔಷಧಿಗಳೂ ದೊಡ್ಡ ಆಸ್ಪತ್ರೆಗಳೂ ಬಂದು ಅವರನ್ನು ಉಳಿಸಿದುವೆಂಬುದು ಇನ್ನೊಂದು. ಮೇಲಿನ ಅಂಕಿಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ಈ ಎರಡು ಮಾತುಗಳೂ ಪೂರ್ಣವಾಗಿ ನಿಲ್ಲುವುದಿಲ್ಲ. ೯೦೦ರಿಂದ ೨೩೦ಕ್ಕೆ ಆದ ಇಳಿತವು, ಎಂದರೆ ಮೂಲ ಪ್ರಮಾಣದ ಮುಕ್ಕಾಲು ಪಾಲು, ಸಲ್ಫಾ ಔಷಧಿಗಳಿಗೂ ಪೆನಿಸಿಲಿನ್ನಿಗೂ ರಕ್ತಪೂರಣಕ್ಕೂ ಬಹು ಹಿಂದೆಯೇ ನಡೆದುಹೋಗಿದ್ದಿತು. ಆಗಿನ ಸ್ವೀಡನ್ ಸಿರಿವಂತ ದೇಶವೂ ಆಗಿರಲಿಲ್ಲ. ಹಾಗಾದರೆ ತಾಯಂದಿರನ್ನು ಉಳಿಸಿದುದು ಯಾವುದು? ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

೨. ಆಧಾರಗಳು ಮತ್ತು ಅವುಗಳ ಮಿತಿ

ಸ್ವೀಡನ್ನಿನ ಲೂಥರನ್ ಇಗರ್ಜಿಯು ದೇಶವನ್ನೆಲ್ಲ ಪ್ಯಾರಿಷ್ ಎಂಬ ಸಣ್ಣ ಸಣ್ಣ ಘಟಕಗಳಾಗಿ ವಿಭಾಗಿಸಿದ್ದಿತು. ಪ್ರತಿಯೊಂದು ಪ್ಯಾರಿಷ್‌ಗೂ ಒಬ್ಬ ಪಾದ್ರಿ ಇದ್ದನು. ೧೬೮೬ರ ಇಗರ್ಜಿ ಶಾಸನದ ಪ್ರಕಾರ ಜನನ, ವಿವಾಹ, ಮರಣಗಳನ್ನು ಆತನು ದಾಖಲೆಮಾಡಬೇಕಾಗಿದ್ದಿತು. ೧೭೦೦ರಿಂದ ೧೭೨೧ರವರೆಗೆ ನಡೆದ ಮಹಾ ಉತ್ತರ ಯುದ್ಧದಲ್ಲಿ ದೇಶವು ತನ್ನ ಸಾಮ್ರಾಜ್ಯದ ಬಹುಭಾಗವನ್ನೂ ಅಸಂಖ್ಯಾತ ಗಂಡಸರನ್ನೂ ಕಳೆದುಕೊಂಡಿತು. ಜನಸಂಖ್ಯೆಯೇ ರಾಜ್ಯದ ಸಂಪತ್ತೆಂಬ ಅರ್ಥನೀತಿ ಆಗ ಪ್ರಬಲವಾಗಿದ್ದಿತು. ಇದರ ಪರಿಣಾಮವಾಗಿ ೧೭೪೯ರಲ್ಲಿ ಟಬೆಲ್‌ವೆರ್ಕೆಟ್ ಎಂಬ ಕೋಷ್ಟಕ ವ್ಯವಸ್ಥೆ ಆರಂಭವಾಯಿತು. ಪಾದ್ರಿಗಳು ತಮ್ಮ ದಾಖಲೆಗಳಿಂದ ಅಂಕಿಗಳನ್ನು ತೆಗೆದು ಅಚ್ಚಾದ ನಮೂನೆಗಳಲ್ಲಿ ತುಂಬಿ ಮೇಲಿನವರಿಗೆ ಕಳುಹಿಸುತ್ತಿದ್ದರು. ಮರಣಕಾರಣಗಳ ಪಟ್ಟಿಯಲ್ಲಿ ಹೆರಿಗೆಗೆ ಪ್ರತ್ಯೇಕ ಸ್ಥಾನವಿದ್ದಿತು. ಇಡೀ ರಾಷ್ಟ್ರಕ್ಕೆ ಸಂಬಂಧಿಸಿದಂತೆ ಪ್ರಸೂತಿಮರಣದ ಲೆಕ್ಕವು ಇಷ್ಟು ಹಿಂದಿನಿಂದ, ಇಷ್ಟು ಅವಿಚ್ಛಿನ್ನವಾಗಿ ದೊರೆಯುವುದು ಬಹು ಅಪೂರ್ವ.

ಆರಂಭದಲ್ಲಿ ಈ ಅಂಕಿಗಳನ್ನು ರಾಜ್ಯರಹಸ್ಯವಾಗಿ ಇಡಲಾಗಿದ್ದಿತು. ದೇಶದ ಜನಸಂಖ್ಯೆ ಹದಿನೆಂಟು ಲಕ್ಷದ ಸುಮಾರಿನಲ್ಲಿದ್ದು, ಇದನ್ನು ಶತ್ರುಗಳು ಅರಿಯುವುದು ಹಿತವಲ್ಲವೆಂಬ ಭಾವನೆ ಇದ್ದಿತು. ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಪೇರ್ ವಾರ್ಯೆಂಟಿನ್ (೧೭೧೭-೧೭೮೩) ಎಂಬ ಖಗೋಳ ವಿದ್ವಾಂಸನು ಈ ಕೋಷ್ಟಕಗಳನ್ನು ಶಾಸ್ತ್ರೀಯವಾಗಿ ವಿಶ್ಲೇಷಿಸಿ, ೧೭೬೬ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದನು.

ಈ ಆಧಾರಗಳನ್ನು ಬಳಸುವಾಗ ಎಚ್ಚರಿಕೆ ಅಗತ್ಯ. ಪಾದ್ರಿಯು ವೈದ್ಯನಲ್ಲ. ಹೆರುತ್ತಲೇ ಸತ್ತವಳನ್ನು ಆತನು ಹೆರಿಗೆಯ ಸಾಲಿನಲ್ಲಿ ಬರೆದಾನು. ಹೆತ್ತು ಮೂರು ವಾರ ಕಳೆದು ಜ್ವರದಿಂದ ಸತ್ತವಳನ್ನು ಜ್ವರದ ಸಾಲಿಗೆ ಸೇರಿಸಿರಲೂ ಸಾಕು. ಗುಟ್ಟಾಗಿ ಗರ್ಭಪಾತ ಮಾಡಿಸಿಕೊಂಡು ಸತ್ತವಳ ನಿಜವಾದ ಕಾರಣ ಆತನ ಕಿವಿಗೆ ಬೀಳುವ ಸಂಭವವೇ ಕಡಿಮೆ. ಆದಕಾರಣ ಹಳೆಯ ಅಂಕಿಗಳು ವಾಸ್ತವಕ್ಕಿಂತ ಕಡಿಮೆ ಇರಬಹುದೇ ಹೊರತು ಹೆಚ್ಚಿರುವ ಸಂಭವ ಕಡಿಮೆಯೆಂದು ನಾವು ಭಾವಿಸುತ್ತೇವೆ. ಹಾಗಿದ್ದ ಪಕ್ಷದಲ್ಲಿ ಇಳಿಕೆಯು ಅಂಕಿಗಳು ತೋರುವುದಕ್ಕಿಂತ ದೊಡ್ಡದೇ ಆಗಿದ್ದಿತು.

೩. ಸೂಲಗಿತ್ತಿಯರ ಶಿಕ್ಷಣ

ಸ್ವೀಡನ್ನಿನ ಸೂತಿಶಾಸ್ತ್ರದ ಜನಕನೆಂದು ಪ್ರಸಿದ್ಧನಾದವನು ಯೂಹಾನ್ ವಾನ್ ಹೂರ್ನ್ (೧೬೬೨-೧೭೨೪). ಪರದೇಶಗಳಲ್ಲಿ ವಿದ್ಯೆಯನ್ನು ಪಡೆದು ಸ್ಟಾಕ್‌ಹೋಮಿಗೆ ಹಿಂದಿರುಗಿದ ಈತನು ೧೬೯೭ರಲ್ಲಿ ಸೂಲಗಿತ್ತಿಯರಿಗಾಗಿ ಸ್ವೀಡಿಷ್ ಭಾಷೆಯಲ್ಲಿಯೇ ಒಂದು ಪಠ್ಯಗ್ರಂಥವನ್ನು ಪ್ರಕಟಿಸಿದನು. ವೈದ್ಯಶಾಸ್ತ್ರವೆಲ್ಲ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಓದಬೇಕಾದವರು ಯಾರೆಂಬುದನ್ನು ಮನಗಂಡು ಆತನು ಭಾಷೆಯನ್ನು ಆರಿಸಿಕೊಂಡನು. ೧೭೧೫ರಲ್ಲಿ ಪ್ರಕಟವಾದ ಆತನ ಇನ್ನೊಂದು ಗ್ರಂಥಕ್ಕೆ, ಬೈಬಲಿನ ವಿಮೋಚನಕಾಂಡದಲ್ಲಿ ಬರುವ ಇಬ್ಬರು ಹೀಬ್ರೂ ಸೂಲಗಿತ್ತಿಯರ ಹೆಸರನ್ನೇ ಇಡಲಾಗಿದೆ. ೧೭೦೮ರಲ್ಲಿ ಆತನು ಸ್ಟಾಕ್‌ಹೋಮಿನಲ್ಲಿ ಸೂಲಗಿತ್ತಿಯರಿಗೆ ಕ್ರಮವಾದ ಪಾಠವನ್ನು ಆರಂಭಿಸಿದನು. ೧೭೧೧ರಲ್ಲಿ ರಾಜಧಾನಿಯ ಸೂಲಗಿತ್ತಿಯರು ಪರೀಕ್ಷೆ ಕೊಟ್ಟು ಪ್ರಮಾಣವಚನ ಸ್ವೀಕರಿಸಬೇಕೆಂಬ ನಿಬಂಧನೆ ಜಾರಿಗೆ ಬಂದಿತು.

ಆದರೆ ರಾಜಧಾನಿಯ ನಿಬಂಧನೆಯಿಂದ ಹಳ್ಳಿಯ ಬಾಣಂತಿಗೆ ಪ್ರಯೋಜನವಿರಲಿಲ್ಲ. ೧೭೫೧ರ ವರದಿಯ ಮಹತ್ವವಿರುವುದು ಇಲ್ಲಿ. ಅದು ಸಾವಿನ ಲೆಕ್ಕವನ್ನು ಸೂಲಗಿತ್ತಿಯರ ಅಭಾವಕ್ಕೆ ಜೋಡಿಸಿ, ರಾಷ್ಟ್ರದ ಮುಂದಿರಿಸಿತು. ೧೭೫೭ರಲ್ಲಿ, ಪ್ರತಿಯೊಂದು ಪ್ಯಾರಿಷ್ ಕೂಡ ಒಬ್ಬ ಸ್ತ್ರೀಯನ್ನು ಆರಿಸಿ ಶಿಕ್ಷಣಕ್ಕಾಗಿ ಸ್ಟಾಕ್‌ಹೋಮಿಗೆ ಕಳುಹಿಸಬೇಕೆಂಬ ರಾಷ್ಟ್ರವ್ಯಾಪಿಯಾದ ಯೋಜನೆ ಸಿದ್ಧವಾಯಿತು.

ಯೋಜನೆಯು ಕಾಗದದ ಮೇಲಿದ್ದಷ್ಟು ಸುಲಭವಾಗಿ ಕಾರ್ಯರೂಪಕ್ಕೆ ಬರಲಿಲ್ಲ. ಖರ್ಚನ್ನು ಪ್ಯಾರಿಷ್‌ನವರೇ ಹೊರಬೇಕಾಗಿದ್ದಿತು. ತಲೆತಲಾಂತರದಿಂದ ನೆರೆಮನೆಯ ಮುದುಕಿಯೇ ಹೆರಿಗೆ ಮಾಡಿಸಿಕೊಂಡು ಬಂದಿರಲು, ಪಟ್ಟಣದಲ್ಲಿ ಕಲಿತುಬಂದ ಹೆಂಗಸಿಗೆ ಸಂಬಳ ಏಕೆ ಕೊಡಬೇಕೆಂಬುದು ರೈತರ ಪ್ರಶ್ನೆಯಾಗಿದ್ದಿತು. ಮನೆಮಕ್ಕಳನ್ನು ಬಿಟ್ಟು ದೂರದ ರಾಜಧಾನಿಗೆ ಹೋಗಿ ತಿಂಗಳುಗಟ್ಟಲೆ ಇರಬಲ್ಲ ಸ್ತ್ರೀಯರೂ ವಿರಳ. ೧೭೭೭ರಲ್ಲಿಯೂ ೧೮೧೯ರಲ್ಲಿಯೂ ಹೊಸ ನಿಬಂಧನೆಗಳನ್ನು ಹೊರಡಿಸಬೇಕಾಗಿ ಬಂದುದೇ ಹಿಂದಿನ ಆಜ್ಞೆಗಳು ಸಾಕಾಗಲಿಲ್ಲವೆಂಬುದಕ್ಕೆ ನಿದರ್ಶನ. ೧೮೬೧ರಲ್ಲಿ, ಎಂದರೆ ಯೋಜನೆ ಸಿದ್ಧವಾಗಿ ಒಂದು ಶತಮಾನ ಕಳೆದ ಮೇಲೆಯೂ, ಶಿಕ್ಷಿತ ಸೂಲಗಿತ್ತಿಯರು ನಡೆಸಿದ ಹೆರಿಗೆಗಳು ನೂರಕ್ಕೆ ೪೦ರ ಸುಮಾರಿನಲ್ಲಿದ್ದುವು. ಮುಂದಿನ ಮೂವತ್ತು ಮೂವತ್ತೈದು ವರ್ಷಗಳಲ್ಲಿ ಈ ಸಂಖ್ಯೆ ನೂರಕ್ಕೆ ೭೮ರವರೆಗೆ ಏರಿತು. ಸ್ವೀಡನ್ನಿನ ಸಾಧನೆಯು ಒಂದು ಆಜ್ಞೆಯ ಫಲವಲ್ಲ. ನೂರೈವತ್ತು ವರ್ಷಗಳ ಕಾಲ ಬಿಡದೆ ನಡೆದ ಪ್ರಯತ್ನದ ಫಲವೆಂದು ಇದರಿಂದ ವಿದಿತವಾಗುತ್ತದೆ.

೪. ಉಪಕರಣಗಳ ಅಧಿಕಾರ

ಹೆರಿಗೆಯಲ್ಲಿ ಬರುವ ವಿಪತ್ತುಗಳು ಹಲವು. ಮಗು ಅಡ್ಡಲಾಗಿ ನಿಲ್ಲುವುದು, ಮಾಸು ಬೀಳದಿರುವುದು, ರಕ್ತಸ್ರಾವ ನಿಲ್ಲದಿರುವುದು, ಸೆಳವು ಬರುವುದು ಇವೇ ಮೊದಲಾದುವು. ಇವುಗಳಲ್ಲಿ ಕೆಲವನ್ನು ಕೈಚಳಕದಿಂದಲೇ ಪರಿಹರಿಸಬಹುದು. ಗರ್ಭದಲ್ಲಿ ಅಡ್ಡಲಾಗಿರುವ ಮಗುವನ್ನು ತಿರುಗಿಸುವುದನ್ನೂ, ಉಳಿದುಹೋದ ಮಾಸನ್ನು ಕೈಯಿಂದ ತೆಗೆಯುವುದನ್ನೂ ಶಿಕ್ಷಿತ ಸೂಲಗಿತ್ತಿಯು ಬಲ್ಲಳು. ಆದರೆ ಕೆಲವು ಸಂದರ್ಭಗಳಲ್ಲಿ ಇಕ್ಕಳ, ಕೊಕ್ಕೆ ಮೊದಲಾದ ಉಪಕರಣಗಳು ಬೇಕಾಗುತ್ತವೆ. ಯೂರೋಪಿನ ಇತರ ದೇಶಗಳಲ್ಲಿ ಇವು ವೈದ್ಯರ ಸ್ವತ್ತಾಗಿದ್ದು, ಸೂಲಗಿತ್ತಿಯು ಅವನ್ನು ಮುಟ್ಟುವಂತಿರಲಿಲ್ಲ.

ಸ್ವೀಡನ್ ಈ ವಿಷಯದಲ್ಲಿ ಬೇರೆ ಮಾರ್ಗವನ್ನು ಹಿಡಿಯಿತು. ಸ್ಟಾಕ್‌ಹೋಮಿನಲ್ಲಿ ಸೂತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಪೇರ್ ಗುಸ್ತಾವ್ ಸೇದೆರ್‌ಶೋಲ್ಡ್ (೧೭೮೨-೧೮೪೮) ಎಂಬುವನ ಪ್ರಯತ್ನದಿಂದ, ವಿಶೇಷ ಶಿಕ್ಷಣ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದ ಸೂಲಗಿತ್ತಿಯರು ಉಪಕರಣಗಳನ್ನು ಬಳಸಬಹುದೆಂದು ೧೮೨೯ರಲ್ಲಿ ಅನುಮತಿ ದೊರೆಯಿತು. ಇದಕ್ಕೆ ಔದಾರ್ಯಕ್ಕಿಂತ ಭೂಗೋಳವೇ ಮುಖ್ಯ ಕಾರಣ. ದೇಶವು ಉದ್ದವಾದುದು, ಜನವಸತಿ ವಿರಳ, ವೈದ್ಯರು ಬೆರಳೆಣಿಕೆಯವರು. ಉತ್ತರದ ನಾರ್‌ಲಾಂಡ್ ಪ್ರದೇಶದಲ್ಲಿ ಹಿಮ ಮುಚ್ಚಿದ ದಾರಿಯಲ್ಲಿ ವೈದ್ಯನು ಬರುವ ಹೊತ್ತಿಗೆ ತಾಯಿಯೂ ಮಗುವೂ ಉಳಿದಿರುತ್ತಿರಲಿಲ್ಲ. ವೈದ್ಯರಿಲ್ಲದ ಕಡೆ ವೈದ್ಯರ ಅಧಿಕಾರವನ್ನು ಕಾಯ್ದಿಡುವುದು ವ್ಯರ್ಥವೆಂಬುದನ್ನು ಅಧಿಕಾರಿಗಳು ಮನಗಂಡರು.

ಅನುಮತಿಯ ಜೊತೆಗೆ ಹೊಣೆಯೂ ಇದ್ದಿತು. ಉಪಕರಣಗಳನ್ನು ಬಳಸಿದ ಹೆರಿಗೆಗಳನ್ನು ಸೂಲಗಿತ್ತಿಯರು ವರದಿಮಾಡಬೇಕಾಗಿದ್ದಿತು. ಪಾದ್ರಿಯ ಕೋಷ್ಟಕದಲ್ಲಿ ಆರಂಭವಾದ ಲೆಕ್ಕದ ಪದ್ಧತಿಯು ಹೀಗೆ ಹೆರಿಗೆಯ ಕೋಣೆಯವರೆಗೂ ಬಂದಿತು.

೫. ಸೂತಿಕಾಜ್ವರ

ಇಲ್ಲಿಯವರೆಗೆ ಹೇಳಿದುದರಿಂದ ಇಳಿಕೆಯು ನೇರವಾದ ರೇಖೆಯಂತೆ ಸಾಗಿತೆಂದು ತಿಳಿಯಬಾರದು. ಸೂಲಗಿತ್ತಿಯ ಕೈಚಳಕಕ್ಕೆ ಬಗ್ಗದ ಶತ್ರು ಒಂದಿದ್ದಿತು. ಅದೇ ಸೂತಿಕಾಜ್ವರ, ಎಂದರೆ ಬಾಣಂತಿನಂಜು. ಕಲಿತ ಕೈಯೂ ಕೊಳೆಯಾಗಿದ್ದರೆ ಅದೇ ನಂಜನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯಬಲ್ಲುದು.

ಇದರ ಭೀಕರತೆ ಹೆಚ್ಚಾಗಿ ಕಂಡುಬಂದುದು ಹೆರಿಗೆ ಆಸ್ಪತ್ರೆಗಳಲ್ಲಿ. ಸ್ಟಾಕ್‌ಹೋಮಿನ ಸಾರ್ವಜನಿಕ ಹೆರಿಗೆ ಆಸ್ಪತ್ರೆ ೧೭೭೫ರಲ್ಲಿ ಸ್ಥಾಪಿತವಾಯಿತು. ಶಿಶುಹತ್ಯೆಯನ್ನು ತಡೆಯುವ ಉದ್ದೇಶದಿಂದ ಮೂರನೆಯ ಗುಸ್ತಾವ್ ದೊರೆಯು ೧೭೭೮ರಲ್ಲಿ ಹೊರಡಿಸಿದ ಆಜ್ಞೆಯು, ಅವಿವಾಹಿತ ತಾಯಂದಿರು ತಮ್ಮ ಹೆಸರನ್ನು ಹೇಳದೆಯೇ ಹೆರಲು ಅವಕಾಶವಿತ್ತಿತು. ಹೀಗಾಗಿ ಬಡವರೂ ಅವಿವಾಹಿತೆಯರೂ ಇಂತಹ ಆಸ್ಪತ್ರೆಗಳನ್ನು ಆಶ್ರಯಿಸಿದರು. ದಯೆಯಿಂದ ಕಟ್ಟಿದ ಈ ಮನೆಗಳಲ್ಲಿಯೇ ಹತ್ತೊಂಬತ್ತನೆಯ ಶತಮಾನದಲ್ಲಿ ನಂಜು ಮತ್ತೆ ಮತ್ತೆ ಹರಡಿ ಅನೇಕರನ್ನು ಬಲಿತೆಗೆದುಕೊಂಡಿತು. ಹಳ್ಳಿಯ ಗುಡಿಸಲಿನಲ್ಲಿ ಹೆತ್ತವಳಿಗಿಂತ ರಾಜಧಾನಿಯ ಆಸ್ಪತ್ರೆಯಲ್ಲಿ ಹೆತ್ತವಳಿಗೆ ಅಪಾಯ ಹೆಚ್ಚಾಗಿದ್ದಿತು. ಹೆಸರಿಲ್ಲದೆ ಬಂದು ಹೆತ್ತ ಆ ತಾಯಂದಿರಲ್ಲಿ ಎಷ್ಟೋ ಮಂದಿ ಹೆಸರಿಲ್ಲದೆಯೇ ಹೋದರೆಂಬುದನ್ನು ನೆನೆದಾಗ ಮನಸ್ಸು ಮರುಗುತ್ತದೆ.

೧೮೪೭ರಲ್ಲಿ ವಿಯೆನ್ನಾ ನಗರದಲ್ಲಿ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಪರೀಕ್ಷಕರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದುಕೊಂಡರೆ ಈ ಜ್ವರ ಇಳಿಯುವುದೆಂದು ತೋರಿಸಿಕೊಟ್ಟನು. ಸಮಕಾಲೀನರಲ್ಲಿ ಬಹುಮಂದಿ ಆತನ ಮಾತನ್ನು ಒಪ್ಪಲಿಲ್ಲ. ೧೮೬೭ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ನಂಜುನಿವಾರಕ ವಿಧಾನವನ್ನು ಪ್ರಕಟಿಸಿದ ತರುವಾಯ ಯೂರೋಪಿನ ಅಭಿಪ್ರಾಯ ಕ್ರಮೇಣ ಬದಲಾಯಿತು. ಸ್ವೀಡನ್ನಿನಲ್ಲಿ ೧೮೮೧ರಿಂದ, ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ ಮನೆಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿಯರೂ ನಂಜುನಿವಾರಕವನ್ನು ಬಳಸಲೇಬೇಕೆಂಬ ನಿಯಮ ಬಂದಿತು.

ಹೊಸ ಶಾಸ್ತ್ರವು ಅಲ್ಲಿ ಹಳ್ಳಿಗಳಿಗೆ ಬೇಗನೆ ತಲುಪಿದುದೇಕೆ? ಅದನ್ನು ತಲುಪಿಸುವ ಜನರು ಮೊದಲೇ ಅಲ್ಲಿ ನೆಲೆಸಿದ್ದರು. ಶಿಕ್ಷಣ ಪಡೆದು, ಪ್ರಮಾಣವಚನ ಸ್ವೀಕರಿಸಿ, ಮೇಲಧಿಕಾರಿಗಳಿಗೆ ವರದಿಮಾಡುತ್ತಿದ್ದ ಸಾವಿರಾರು ಸೂಲಗಿತ್ತಿಯರಿಗೆ ಒಂದು ಸುತ್ತೋಲೆಯ ಮೂಲಕ ಹೊಸ ನಿಯಮವನ್ನು ತಿಳಿಸಬಹುದಾಗಿದ್ದಿತು. ಉಲ್ಫ್ ಹೋಗ್‌ಬೆರಿ ಮೊದಲಾದ ಸ್ವೀಡಿಷ್ ವಿದ್ವಾಂಸರು ೧೯೮೦ರ ದಶಕದಲ್ಲಿ ಈ ಅವಧಿಯ ದಾಖಲೆಗಳನ್ನು ಪರಿಶೋಧಿಸಿ, ನಂಜಿನ ಸಾವುಗಳನ್ನೂ ಇತರ ಸಾವುಗಳನ್ನೂ ಬೇರೆಮಾಡಿ ನೋಡಿದ್ದಾರೆ. ಶಿಕ್ಷಿತ ಸೂಲಗಿತ್ತಿಯರು ಹೆಚ್ಚಿದಂತೆ ನಂಜಲ್ಲದ ಕಾರಣಗಳಿಂದ ಆಗುವ ಸಾವುಗಳೂ, ನಂಜುನಿವಾರಕದ ಬಳಕೆ ಬಂದ ಮೇಲೆ ನಂಜಿನ ಸಾವುಗಳೂ ಇಳಿದುವೆಂಬುದು ಅವರ ನಿರ್ಣಯ. ಎರಡು ಉಪಾಯಗಳು ಎರಡು ಬಗೆಯ ಸಾವುಗಳನ್ನು ತಡೆದುವು. ಆದರೆ ಎರಡನ್ನೂ ನಡೆಸಿದ ಕೈ ಒಂದೇ.

೬. ಸಂಪತ್ತು ಕಾರಣವೇ?

ಈ ನಿರ್ಣಯವನ್ನು ಒಪ್ಪುವ ಮುನ್ನ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮರಣಸಂಖ್ಯೆ ಇಳಿದುದಕ್ಕೆ ವೈದ್ಯಕೀಯಕ್ಕಿಂತ ಉತ್ತಮ ಆಹಾರವೇ ಕಾರಣವೆಂದು ಥಾಮಸ್ ಮೆಕ್ಯೋನ್ ೧೯೭೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾನೆ. ಇತರ ರೋಗಗಳ ಮಟ್ಟಿಗೆ ಆ ವಾದ ಎಷ್ಟರಮಟ್ಟಿಗೆ ಸರಿಯೆಂಬುದು ಇಲ್ಲಿ ಅಪ್ರಸ್ತುತ. ಪ್ರಸೂತಿಮರಣದ ಮಟ್ಟಿಗೆ ಅದು ಹೊಂದುವಂತೆ ಕಾಣುವುದಿಲ್ಲ. ೧೮೬೭ರಿಂದ ೧೮೬೯ರವರೆಗೆ ಸ್ವೀಡನ್ ಕ್ಷಾಮದಿಂದ ನರಳಿತು. ಆ ಶತಮಾನದ ಉತ್ತರಾರ್ಧದಲ್ಲಿಯೂ ಮುಂದಿನ ದಶಕಗಳಲ್ಲಿಯೂ ಹತ್ತು ಲಕ್ಷಕ್ಕೂ ಮಿಕ್ಕು ಜನರು ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ವಲಸೆ ಹೋದರು. ಅಂತಹ ದೇಶದಲ್ಲಿ ೧೯೦೦ರ ಸುಮಾರಿಗೆ ಪ್ರಸೂತಿಮರಣವು ೨೩೦ಕ್ಕೆ ಇಳಿದಿದ್ದಿತು. ಅದೇ ಕಾಲದಲ್ಲಿ ಅದಕ್ಕಿಂತ ಸಿರಿವಂತವಾಗಿದ್ದ ಇಂಗ್ಲೆಂಡಿನಲ್ಲಿ ಅದು ೪೦೦ಕ್ಕಿಂತ ಮೇಲಿದ್ದಿತು. ವಲಸೆಗಾರರು ಅರಸಿಹೋದ ಅಮೆರಿಕದಲ್ಲಿಯೇ ೧೯೨೦ರ ಸುಮಾರಿಗೆ ಅದು ೬೦೦ನ್ನು ಮೀರಿದ್ದಿತು.

ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರ ಶಿಕ್ಷಣ ಮತ್ತು ನೋಂದಣಿಗಾಗಿ ಶಾಸನವಾದುದು ೧೯೦೨ರಲ್ಲಿ. ಅಮೆರಿಕದಲ್ಲಿ ಸೂಲಗಿತ್ತಿಯರನ್ನು ಶಿಕ್ಷಿಸುವುದಕ್ಕೆ ಬದಲಾಗಿ ಅವರನ್ನು ನಿವಾರಿಸುವ ಕಡೆಗೇ ವೈದ್ಯರ ಒಲವಿದ್ದಿತು. ಇರ್ವಿನ್ ಲೌಡನ್ ಎಂಬ ಇತಿಹಾಸಕಾರನು ೧೯೯೨ರ ತನ್ನ ಗ್ರಂಥದಲ್ಲಿ ಹಲವು ದೇಶಗಳನ್ನು ಹೋಲಿಸಿ ನೋಡಿ, ಬಡತನಕ್ಕಿಂತ ಹೆರಿಗೆ ಮಾಡಿಸುವವರ ಗುಣಮಟ್ಟವೇ ನಿರ್ಣಾಯಕವಾಗಿದ್ದಿತೆಂದು ತೋರಿಸಿದ್ದಾನೆ. ೧೯೩೦ರ ಸುಮಾರಿನ ಇಂಗ್ಲೆಂಡಿನಲ್ಲಿ ಮೇಲ್ವರ್ಗದ ಸ್ತ್ರೀಯರಲ್ಲಿ ಪ್ರಸೂತಿಮರಣವು ಕೂಲಿಕಾರರ ಹೆಂಡಿರಿಗಿಂತ ಕಡಿಮೆಯಿರಲಿಲ್ಲ, ಹೆಚ್ಚಾಗಿಯೇ ಇದ್ದಿತು. ಸಿರಿವಂತರು ವೈದ್ಯರನ್ನು ಕರೆಯಿಸುತ್ತಿದ್ದರು. ಅವಸರದ ವೈದ್ಯರು ಅನಾವಶ್ಯಕವಾಗಿ ಇಕ್ಕಳವನ್ನು ಬಳಸುತ್ತಿದ್ದರು. ಸೂಲಗಿತ್ತಿಯರ ಪದ್ಧತಿಯನ್ನೇ ನೆಚ್ಚಿದ ನಾರ್ವೆ, ಡೆನ್ಮಾರ್ಕ್, ಹಾಲೆಂಡ್ ದೇಶಗಳಲ್ಲಿಯೂ ಮರಣಪ್ರಮಾಣ ಕಡಿಮೆಯಾಗಿದ್ದುದು ಇದೇ ಅಭಿಪ್ರಾಯವನ್ನು ಪುಷ್ಟೀಕರಿಸುತ್ತದೆ.

ಸ್ವೀಡನ್ನಿನ ಜನನಪ್ರಮಾಣವು ಆ ಶತಮಾನದ ಕೊನೆಯಲ್ಲಿ ಇಳಿಯತೊಡಗಿದುದೂ, ಹಲವು ಬಾರಿ ಹೆತ್ತು ಬಳಲಿದ ತಾಯಂದಿರ ಸಂಖ್ಯೆ ಕಡಿಮೆಯಾದುದೂ ಸ್ವಲ್ಪಮಟ್ಟಿಗೆ ಸಹಾಯಕವಾಗಿರಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಳಿಕೆಯ ಬಹುಭಾಗವು ಅದಕ್ಕಿಂತ ಹಿಂದಿನದು.

೭. ನಿಂತುಹೋದ ಇಳಿಕೆ ಮತ್ತು ಅದರ ಪುನರಾರಂಭ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಳಿಕೆಯು ಸ್ಥಗಿತವಾಯಿತು. ಇದಕ್ಕೆ ಸೂಲಗಿತ್ತಿಯರ ಲೋಪವು ಕಾರಣವಲ್ಲ. ಅವರನ್ನು ಕರೆಯಲಾಗದಂತಹ ಸಾವುಗಳು ಹೆಚ್ಚಿದುವು. ೧೯೧೦ರ ಶಾಸನವು ಗರ್ಭನಿರೋಧದ ಸಾಧನಗಳ ಪ್ರಚಾರವನ್ನು ನಿಷೇಧಿಸಿದ್ದಿತು. ಬೇಡದ ಗರ್ಭವನ್ನು ಹೊತ್ತ ಸ್ತ್ರೀಯು ಗುಟ್ಟಿನ ಗರ್ಭಪಾತಕ್ಕೆ ಶರಣಾಗಿ, ನಂಜೇರಿ ಸಾಯುತ್ತಿದ್ದಳು. ೧೯೨೦ರ ಮತ್ತು ೧೯೩೦ರ ದಶಕಗಳ ಅಂಕಿಗಳಲ್ಲಿ ಇಂತಹ ಸಾವುಗಳ ಪಾಲು ದೊಡ್ಡದು. ಒಂದೂವರೆ ಶತಮಾನದ ಶ್ರಮದಿಂದ ಗಳಿಸಿದ್ದರ ಒಂದಂಶವನ್ನು ಶಾಸನವೂ ಲೋಕಲಜ್ಜೆಯೂ ಕೂಡಿ ಕಸಿದುಕೊಂಡುವೆಂದರೆ ತಪ್ಪಾಗಲಾರದು.

೧೯೩೭ರಲ್ಲಿ ಗರ್ಭಿಣಿಯರ ಆರೋಗ್ಯಕೇಂದ್ರಗಳಿಗೆ ಸರ್ಕಾರದ ನೆರವು ದೊರೆಯಿತು. ೧೯೩೮ರಲ್ಲಿ ಗರ್ಭನಿರೋಧದ ಮೇಲಿನ ನಿಷೇಧ ರದ್ದಾಯಿತು. ಅದೇ ವರ್ಷ ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅನುಮತಿ ನೀಡುವ ಶಾಸನವೂ ಆಯಿತು. ೧೯೩೫ರಲ್ಲಿ ಬಳಕೆಗೆ ಬಂದ ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧಿಯೂ, ಅನಂತರ ಬಂದ ಪೆನಿಸಿಲಿನ್, ರಕ್ತಪೂರಣಗಳೂ ಉಳಿದ ಕೆಲಸವನ್ನು ಮಾಡಿದುವು. ೧೯೫೦ರ ಹೊತ್ತಿಗೆ ಪ್ರಮಾಣವು ೧೦೦ಕ್ಕಿಂತ ಕೆಳಗಿಳಿದಿದ್ದಿತು. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಸ್ಥಳಾಂತರವಾದರೂ ಸಹಜ ಹೆರಿಗೆಯ ಹೊಣೆಯು ಇಂದಿಗೂ ಅಲ್ಲಿ ಸೂಲಗಿತ್ತಿಯದೇ ಆಗಿದೆ. ೧೯೭೪ರ ಶಾಸನವು ಗರ್ಭಪಾತದ ನಿರ್ಧಾರವನ್ನು ಬಹುಮಟ್ಟಿಗೆ ಸ್ತ್ರೀಗೇ ಬಿಟ್ಟುಕೊಟ್ಟಿತು.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಮಗೆ ತೋರುವುದು ಇಷ್ಟು. ಸ್ವೀಡನ್ನಿನ ತಾಯಂದಿರನ್ನು ಮೊದಲು ಉಳಿಸಿದುದು ದೇಶದ ಸಂಪತ್ತಲ್ಲ, ಹೊಸ ಔಷಧಿಯೂ ಅಲ್ಲ. ಸಾವನ್ನು ಎಣಿಸುವ ಪದ್ಧತಿ, ಎಣಿಸಿದುದಕ್ಕೆ ಹೊಣೆಹೊರುವ ಅಧಿಕಾರವರ್ಗ, ಹಳ್ಳಿಯ ಬಾಗಿಲವರೆಗೆ ಹೋಗಬಲ್ಲ ಶಿಕ್ಷಿತ ಸ್ತ್ರೀ, ಈ ಮೂರೂ ಕೂಡಿದಾಗ ಮೊದಲ ಹಾಗೂ ದೊಡ್ಡ ಇಳಿಕೆ ಸಾಧ್ಯವಾಯಿತು. ಔಷಧಿಗಳು ಬಂದಾಗ ಅವನ್ನು ಬಳಸುವ ವ್ಯವಸ್ಥೆ ಸಿದ್ಧವಾಗಿದ್ದಿತು.

ಈ ಇತಿಹಾಸವು ಮುಗಿದುಹೋಯಿತೆಂದು ಹೇಳುವಂತಿಲ್ಲ. ೧೯೮೮ರಿಂದ ೨೦೦೭ರವರೆಗಿನ ಸಾವುಗಳನ್ನು ಮರುಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಅಧಿಕೃತ ಪಟ್ಟಿಗೆ ಸೇರದ ಪ್ರಸೂತಿಮರಣಗಳು ಹಲವು ಇದ್ದುವೆಂದು ತಿಳಿದುಬಂದಿದೆ. ಬಡರಾಷ್ಟ್ರಗಳಲ್ಲಿ ಹುಟ್ಟಿ ಅಲ್ಲಿಗೆ ವಲಸೆ ಬಂದ ಸ್ತ್ರೀಯರಿಗೆ ಅಪಾಯವು ಇತರರಿಗಿಂತ ಹೆಚ್ಚೆಂದೂ ಕಂಡುಬಂದಿದೆ. ಎಣಿಕೆಯಲ್ಲಿ ಇಡೀ ಲೋಕಕ್ಕೆ ಮಾರ್ಗದರ್ಶಿಯಾದ ದೇಶದಲ್ಲಿಯೂ ಎಣಿಕೆಗೆ ಸಿಕ್ಕದ ತಾಯಂದಿರು ಇದ್ದಾರೆ. ಅವರು ಹಿಂದಿನಂತೆಯೇ ಸಮಾಜದ ಅಂಚಿನಲ್ಲಿರುವವರು. ೧೭೫೧ರ ಅಧಿಕಾರಿಗಳು ೬೫೧ ಸಾವುಗಳನ್ನು ಮುಂದಿಟ್ಟುಕೊಂಡು, ಇವುಗಳಲ್ಲಿ ತಪ್ಪಿಸಬಹುದಾಗಿದ್ದುವು ಎಷ್ಟೆಂದು ಕೇಳಿದರು. ಸಂಖ್ಯೆಯು ಎಷ್ಟು ಸಣ್ಣದಾದರೂ ಆ ಪ್ರಶ್ನೆಯನ್ನು ಕೇಳುತ್ತಲೇ ಇರಬೇಕಾಗಿದೆ.